ಓರಗಿತ್ತಿ ಮತ್ತು ಜಪಾನಿನ ಬೆಕ್ಕು

ಹೋದ ಭಾನುವಾರ ನಾನು ಹರಿಹರಕ್ಕೆ ಹೋಗಿದ್ದು ಪತ್ತೇದಾರಿಕೆಗೆ. ಮನೆಯಲ್ಲಿ ಹೇಳಿದ್ದು ಬೇರೆ. ಶೈಲಾಗೆ ಉಪ್ಪಿನಕಾಯಿ ಕೊಟ್ಟು ಬರ್ತೀನಿ ಅಂದಿದ್ದೆ. (ಉಪ್ಪಿನಕಾಯಿಯನ್ನೂ ಒಯ್ದಿದ್ದೆ. ಸುಳ್ಳಿಗೂ ಒಂದು ಸಾಕ್ಷಿ ಬೇಡವೇ?)

ಶೈಲಾ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಅವಳು ಹರಿಹರದಲ್ಲಿ, ನಾನು ದಾವಣಗೆರೆಯಲ್ಲಿ. ಇಬ್ಬರೂ ಆನ್‌ಲೈನ್‌ನಲ್ಲಿ ಜಪಾನೀಸ್ ಕಲಿಯುತ್ತಿದ್ದೇವೆ. ಯಾಕೆ ಅಂತ ಕೇಳಬೇಡಿ. ಕೆಲವರು ಜುಂಬಾಗೆ ಹೋಗುತ್ತಾರೆ, ನಾವು ಜಪಾನೀಸಿಗೆ ಹೋದೆವು. ಮೊದಲು ಸೇರಿದ್ದು ನಾನು. "ಅಕ್ಕ ಸೇರಿದ್ರ ನಾನೂ ಸೇರ್ತೀನಿ" ಅಂತ ಹಿಂದೆ ಬಂದವಳು ಅವಳು. ನಮ್ಮ ಮನೆಯ ಪದ್ಧತಿಯೇ ಹಾಗೆ. ಉಡಿ ತುಂಬುವಾಗಲೂ ಮೊದಲು ಹಿರಿಸೊಸೆ, ಆಮೇಲೆ ಕಿರಿಸೊಸೆ.

ಜಪಾನೀಸಿನಲ್ಲಿ ಕಾಂಜಿ ಅಂತ ಅಕ್ಷರಗಳಿವೆ. ಒಂದೊಂದಕ್ಕೂ ಒಂದು ಅರ್ಥ, ಜೊತೆಗೆ ಎರಡು ಮೂರು ಉಚ್ಚಾರಣೆ. ನಾನು ಫ್ಲ್ಯಾಶ್‌ಕಾರ್ಡ್ ಮಾಡಿಕೊಂಡೆ. ಈ ಕಡೆ ಅಕ್ಷರ, ಆ ಕಡೆ ಅರ್ಥ. ಫ್ರಿಜ್ಜಿಗೆ ಕಾರ್ಡು, ಕನ್ನಡಿಗೆ ಕಾರ್ಡು, ಫೋನಿನಲ್ಲಿ ಕಾರ್ಡಿನ ಆ್ಯಪ್. ಹಾಲು ಕಾಯುವಾಗ ಕಾರ್ಡು ನೋಡುತ್ತಿದ್ದೆ, ಹಾಲು ಉಕ್ಕಿದ ಮೇಲೂ ನೋಡುತ್ತಿದ್ದೆ.

ಇಷ್ಟೆಲ್ಲ ಒದ್ದಾಡಿದ್ದು ನಾನು. ಕೋರ್ಸಿನ ಕೊನೆಯ ಕ್ಲಾಸಿನಲ್ಲಿ ಎಲ್ಲರೆದುರು ಕಥೆ ಓದಲು ಮೇಡಂ ಆರಿಸಿದ್ದು ಶೈಲಾಳನ್ನು!

ಹೊಟ್ಟೆ ಉರಿಯಿತು. ಮುಚ್ಚಿಡುವುದೇನು, ಚೆನ್ನಾಗಿಯೇ ಉರಿಯಿತು. ಗ್ರೂಪಿನಲ್ಲಿ ಚಪ್ಪಾಳೆಯ ಇಮೋಜಿ ಒತ್ತಿದೆ. ಯಾರಿಗೂ ಅನುಮಾನ ಬಾರದಿರಲಿ ಅಂತ ಇನ್ನೆರಡು ಒತ್ತಿದೆ. ಇವಳು ಏನೋ ಗುಟ್ಟು ಮಾಡುತ್ತಿದ್ದಾಳೆ, ಬೇರೆ ಯಾವುದೋ ಆ್ಯಪ್ ಇಟ್ಟುಕೊಂಡಿದ್ದಾಳೆ ಅನ್ನಿಸಿತು. ಅದಕ್ಕೇ ಹರಿಹರ.

ಹೋದಾಗ ಬಾಗಿಲು ತೆರೆದಿತ್ತು. ಮಡಿಲಲ್ಲಿ ಮಂಡಕ್ಕಿ, ಕೈಯಲ್ಲಿ ಪುಸ್ತಕ. ಶೈಲಾ ಒಬ್ಬಳೇ ಕುಳಿತು ನಗುತ್ತಿದ್ದಳು.

"ಬರ್ರಿ ಅಕ್ಕ, ಕೂಡ್ರಿ. ಚಾ ಇಡ್ತೀನಿ" ಅಂತ ಒಳಗೆ ಹೋದಳು. ನಾನು ಕೂಡಲಿಲ್ಲ. ಫ್ರಿಜ್ ನೋಡಿದೆ, ಗ್ಯಾಸಿನವರ ನಂಬರ್ ಬಿಟ್ಟರೆ ಏನೂ ಇಲ್ಲ. ಕನ್ನಡಿಯ ಮೇಲೆ ಹಣೆಯಿಂದ ತೆಗೆದು ಅಂಟಿಸಿದ ಸ್ಟಿಕ್ಕರ್‌ಗಳು ಮಾತ್ರ. ಚಹಾ ಬಂದಾಗ ತಡೆಯಲಾಗದೆ ಕೇಳಿಯೇಬಿಟ್ಟೆ: "ಯಾವ ಆ್ಯಪೇ ನಿಂದು?"

"ಆ್ಯಪ್ ಗೀಪ್ ಏನೂ ಇಲ್ರಿ ಅಕ್ಕ. ಕಾರ್ಡು ನಂಗೆ ಬ್ಯಾಸ್ರ. ಸಣ್ಣ ಹುಡುಗ್ರ ಕಥಿ ಪುಸ್ತಕ ಓದ್ತೀನಿ, ಅಷ್ಟ."

ಪುಸ್ತಕ ತೋರಿಸಿದಳು. ಒಂದು ಬೆಕ್ಕು ಬೇಕರಿ ಇಡುವ ಕಥೆ. ಪ್ರತಿ ಕಾಂಜಿಯ ನೆತ್ತಿಯ ಮೇಲೂ ಅದರ ಉಚ್ಚಾರಣೆಯನ್ನು ಸಣ್ಣದಾಗಿ ಅಚ್ಚು ಹಾಕಿದ್ದರು.

"ಇದು ಕಾಪಿ ಹೊಡೆದಂಗಲ್ಲೇನೇ?"

"ಯಾವ ಎಕ್ಸಾಮಿನಾಗ್ರಿ?"

"ಮತ್ತೆ ಅರ್ಥ ಗೊತ್ತಿಲ್ಲದ್ದು ಬಂದ್ರೆ?"

"ಬಿಟ್ಟು ಮುಂದ ಹೋಗ್ತೀನಿ. ಇನ್ನೊಂದೆರಡು ಪುಟಕ್ಕ ಮತ್ತ ಬರತ್ತೆ. ಎಲ್ಲಿಗೆ ಹೋಗತ್ರಿ ಅದು?"

ಬಿಟ್ಟು ಮುಂದೆ ಹೋಗುವುದು! ನಾನು ಜನ್ಮದಲ್ಲಿ ಮಾಡದ ಕೆಲಸ. ಪುಸ್ತಕ ಕಸಿದುಕೊಂಡು ನಾನೇ ಓದಿದೆ. ಒಂದು ಅಕ್ಷರದಲ್ಲಿ ಸಿಕ್ಕಿಬಿದ್ದೆ. 'ಕಾಯುವುದು' ಮತ್ತು 'ಹಿಡಿಯುವುದು' ನೋಡಲು ಅಕ್ಕತಂಗಿಯರಂತಿರುತ್ತವೆ. ಕಾರ್ಡಿನಲ್ಲೂ ನನಗೆ ಅವೆರಡು ಸದಾ ಅದಲು ಬದಲು. ಧೈರ್ಯ ಮಾಡಿ ಹೇಳಿದೆ: "ಬೆಕ್ಕು ಅಂಗಡಿ ತೆಗೆದು ಗಿರಾಕಿಯನ್ನ ಹಿಡ್ಕೊಂಡೈತೆ."

ಶೈಲಾ ಮಂಡಕ್ಕಿ ಚೆಲ್ಲುವಷ್ಟು ನಕ್ಕಳು. "ಹಂಗ ಹಿಡ್ಕೊಂಡ್ರ ಯಾರ್ ಬರ್ತಾರ್ರಿ ಅಕ್ಕ? ಕಾಯ್ಕಂತ ಕುಂತೈತೆ. ನಮ್ಮ ಎದುರುಗಡೆ ಅಂಗಡಿಯಾರು ಕುಂತಿರ್ತಾರಲ್ಲ, ಹಂಗ."

ಅವಳಿಗೆ ಬೆಕ್ಕಿನ ಕಷ್ಟ ಗೊತ್ತಿತ್ತು, ಅದಕ್ಕೇ ಅಕ್ಷರವೂ ಗೊತ್ತಾಯಿತು. ನನಗೆ ಅವಳ ಜಪಾನೀಸಿಗಿಂತ ಆ ನಗುವಿನ ಮೇಲೇ ಹೆಚ್ಚು ಹೊಟ್ಟೆಕಿಚ್ಚು. ಇಷ್ಟು ಕಾರ್ಡು ತಿರುವಿಹಾಕಿದ್ದೇನೆ, ಒಂದಾದರೂ ನನ್ನನ್ನು ನಗಿಸಿದೆಯೇ?

ಪುಸ್ತಕ ಇಸಿದುಕೊಂಡು ಬಂದೆ. ಬಸ್ಸಿನಲ್ಲಿ ಯೋಚಿಸಿದೆ. ನಾವೆಲ್ಲ ಹಿಂದಿ ಕಲಿತಿದ್ದು ಹೇಗೆ? ಟಿವಿ ಧಾರಾವಾಹಿ ನೋಡಿಯೇ ತಾನೇ? ಅತ್ತೆ ಸೊಸೆಗೆ ಏನಂದಳು ಅಂತ ತಿಳಿಯಲು ಯಾರಾದರೂ ಡಿಕ್ಷನರಿ ತೆಗೆದಿದ್ದರೇ? ಮುಂದೇನಾಯಿತು ಅನ್ನುವ ಆತುರವೇ ಮೇಷ್ಟ್ರಾಗಿತ್ತು. ಪುಸ್ತಕ ಕೈಗೆ ಬಂದ ಕೂಡಲೇ ನಮಗೆ ಪರೀಕ್ಷೆಯ ಭಯ ಯಾಕೆ ಹತ್ತುತ್ತದೋ.

ಈಗ ಊಟವಾದ ಮೇಲೆ ದಿನಾ ಬೆಕ್ಕಿನ ಜೊತೆ ಕೂಡುತ್ತೇನೆ. ಗೊತ್ತಾಗದ್ದನ್ನು ಬಿಟ್ಟು ಮುಂದೆ ಹೋಗುತ್ತೇನೆ, ಜೀವ ಚುರ್ ಅಂದರೂ ಹೋಗುತ್ತೇನೆ. ನಿನ್ನೆ ಬೇಕರಿಗೆ ಮೊದಲ ಗಿರಾಕಿ ಬಂತು. ಬಂದಿದ್ದು ಒಂದು ಇಲಿ! ಬಾಗಿಲಲ್ಲೇ ನಿಂತು, ಒಳಗೆ ಬರಲೋ ಬೇಡವೋ ಅಂತ ಕೇಳಿತು. ಜೋರಾಗಿ ನಕ್ಕುಬಿಟ್ಟೆ. ಯಾರ ಸಹಾಯವೂ ಇಲ್ಲದೆ, ಜಪಾನೀಸಿನಲ್ಲಿ! ಖುಷಿ ತಡೆಯದೆ ಶೈಲಾಗೆ ಫೋನ್ ಹಚ್ಚಿದೆ.

"ಓ, ಆ ಇಲೀನಾ?" ಅಂದಳು. "ನಾನು ಆಗ್ಲೇ ಮೂರನೇ ಪುಸ್ತಕದಾಗ ಅದೀನ್ರಿ ಅಕ್ಕ."

ಅಲ್ಲ, ಹಿರಿಯ ಓರಗಿತ್ತಿ ಅನ್ನುವ ಮರ್ಯಾದೆಗಾದರೂ ಅವಳು ಸ್ವಲ್ಪ ನಿಧಾನವಾಗಿ ಓದಬಾರದೇ?