ಗುರಪ್ಪ ಕಾಕಾ ಮತ್ತು ಅಲ್ಪಾಯುಷಿ ಕಣಗಳು

ಗುರಪ್ಪ ಕಾಕಾನ ಕಣ್ಣು ಹುಟ್ಟಿನಿಂದಲೂ ಹಳದಿ. ರೋಣದ ಬಸ್ ನಿಲ್ದಾಣದಲ್ಲಿ ಗುರುತಿಲ್ಲದವರೂ ಕಾಮಾಲೆಗೆ ಔಷಧ ಹೇಳುತ್ತಿದ್ದರು. "ನಮ್ಮಪ್ಪಂದೂ ಹಿಂಗ ಇತ್ತು. ಇದು ಮನಿತನದ ಬಣ್ಣರಿ" ಎಂದು ಕಾಕಾ ನಗುತ್ತಿದ್ದರು.

ನಮ್ಮ ಓಣಿಯವರ ಮದುವೆ ಎಲ್ಲಿಯೇ ನಡೆಯಲಿ, ಗೋಧಿ ಹುಗ್ಗಿಯ ಕೊಪ್ಪರಿಗೆ ಒಲೆಯಿಂದ ಇಳಿಯುವ ಮೊದಲು ಕಾಕಾ ರುಚಿ ನೋಡಬೇಕು. ಒಂದು ಸೌಟು ಬೆಲ್ಲಕ್ಕೆ, ಒಂದು ಗಸಗಸೆಗೆ. ಆಮೇಲೆ, "ಈ ಎರಡಕ್ಕೂ ಜಗಳ ಐತಿ, ಪಂಚಾಯ್ತಿ ಮಾಡಾಕ ಇನ್ನೊಂದ ಹಾಕು!"

ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಹೆಂಡತಿ ಶಾಂತವ್ವ ಕಾಕಿ ಮನೆಯ ಮಷಿನ್‌ನಲ್ಲಿ ಬೆರಳು ಚುಚ್ಚಿ ನೋಡಿ, "ಏನ್ರಿ, ಮುನ್ನೂರ ದಾಟೇತಿ!" ಎಂದು ಕೂಗುತ್ತಿದ್ದರು. ಕಾಕಾ ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆಯ ರಿಪೋರ್ಟ್ ತೆಗೆಯುತ್ತಿದ್ದರು. ಅದರಲ್ಲಿ ಎಲ್ಲವೂ ಸರಿ.

"ಹಾದ್ಯಾಗ ಹೋಗಾಂವನ ಮಾತು ಖರೇನೋ, ಮೂರು ತಿಂಗಳ ಮನ್ಯಾಗ ಇದ್ದಾಂವನ ಮಾತು ಖರೇನೋ?"

"ಮೂರು ತಿಂಗಳ ಉಂಡಾಂವ ಮನಿ ಗುಟ್ಟು ಬಿಟ್ಟು ಕೊಡ್ತಾನೇನ್ರಿ?" ಎನ್ನುತ್ತಿದ್ದರು ಕಾಕಿ.

ಯಾವಗಲ್‌ನ ಒಂದು ಮದುವೆಯಲ್ಲಿ ನಾನು ಒಲೆಯ ಬಳಿ ಕಾಕಾನ ಪಕ್ಕದಲ್ಲೇ ನಿಂತಿದ್ದೆ. ಒಲೆಯ ಹತ್ತಿರ ಯಾರೂ ಚಪ್ಪಲಿ ಹಾಕುವುದಿಲ್ಲ. ಪಂಚಾಯ್ತಿಯ ಸೌಟು ಬಾಯಿಗಿಟ್ಟ ಕಾಕಾ ಮೂಗು ಅರಳಿಸಿದರು.

"ಲೇ ಈರಣ್ಣಾ, ತಳಾ ಹತ್ತಿಸಿದೆಲ್ಲೋ!"

"ಇಲ್ರಿ ಕಾಕಾರ, ಆಣಿ ಮಾಡಿ ಹೇಳ್ತೀನಿ" ಎಂದ ಅಡುಗೆಯ ಈರಣ್ಣ, ತಳ ಕೆದಕಿ ತೋರಿಸಿದ. ಹುಗ್ಗಿ ಹೊನ್ನಿನಂತಿತ್ತು. ಎಲ್ಲರೂ ನಕ್ಕರು. ಸೀದ ವಾಸನೆ ಮಾತ್ರ ನನಗೂ ಬಂತು. ಕೆಳಗೆ ನೋಡಿದೆ. ಕಾಕಾನ ಬಲಗಾಲಿನ ಹಿಮ್ಮಡಿ ಕೆಂಡದ ಮೇಲಿತ್ತು. ಮುಖದಲ್ಲಿ ನೋವಿನ ಗೆರೆಯೇ ಇರಲಿಲ್ಲ. ತೋಳು ಹಿಡಿದು ಎಳೆದೆ.

"ಯಾಕೋ ತಮ್ಮಾ, ಇನ್ನೂ ಬಾಯಾಗ ಐತಿ!" ಎಂದರು.

ಗದಗಿನ ಡಾಕ್ಟರು ಗಾಯ ನೋಡಿ, ಸಕ್ಕರೆಯಿಂದ ಕಾಲು ಮರಗಟ್ಟಿದೆ, ಅದು ಇಳಿಯದಿದ್ದರೆ ಕಾಲು ಉಳಿಯುವುದು ಕಷ್ಟ ಎಂದರು. ಕಾಕಾ ರಿಪೋರ್ಟ್ ಚಾಚಿದರು. ಡಾಕ್ಟರು ಅದನ್ನು ನೋಡಿದರು, ಆಮೇಲೆ ಹಳದಿ ಕಣ್ಣುಗಳನ್ನು. ಮತ್ತಷ್ಟು ರಕ್ತ ತೆಗೆಸಿ, ಮಾರನೆಯ ವಾರ ಬಿಡಿಸಿ ಹೇಳಿದರು:

"ಸಕ್ಕರಿ ರಕ್ತದ ಕೆಂಪು ಕಣಕ್ಕ ದಿನಾ ಸ್ವಲ್ಪ ಸ್ವಲ್ಪ ಅಂಟ್ತದರಿ. ಕಣ ಮೂರ್ನಾಕು ತಿಂಗಳ ಬದುಕ್ತಾವ. ಎಷ್ಟು ಅಂಟೇತಿ ಅಂತ ಈ ಪರೀಕ್ಷಾ ನೋಡ್ತದ. ನಿಮ್ಮ ಕಣ ಲಗೂನ ಸಾಯ್ತಾವ. ಹೊಸಾವಕ್ಕ ಸಕ್ಕರಿ ಅಂಟಾಕ ಟೈಮೇ ಸಿಗೂದಿಲ್ಲ. ಅದಕ್ಕ ರಿಪೋರ್ಟ್ ಸುಳ್ಳ ಚಲೋ ಕಾಣ್ತದ. ನಿಮಗ ಬೆರಳು ಚುಚ್ಚಿ ನೋಡಿದ್ದೇ ಖರೇ."

ಕಾಕಾ ರಿಪೋರ್ಟ್ ಮಡಚಿ ಕಿಸೆಗಿಟ್ಟರು. "ಅಂದ್ರ ನನ್ನೊಳಗ ದಿನಾ ಎಳೀ ಜೀವ ಹೊಂಟಾವೇನ್ರಿ?"

"ನಿಮ್ಮ ಹುಗ್ಗಿ ತಾಳಲಾರದ ಹೊಂಟಾವ" ಎಂದರು ಕಾಕಿ.

"ಇಲ್ರಿ ಕಾಕಿ, ಅದು ಹುಟ್ಟಿನಿಂದ ಬಂದದ್ದು, ಕಣ್ಣು ಹಳದಿ ಇರೂದೂ ಅದಕ್ಕ" ಎಂದು ಡಾಕ್ಟರು ನಕ್ಕರು.

ಕಾಕಾ ಒಂದು ದಿನ ತಮ್ಮ ಕಣಗಳಿಗಾಗಿ ಸೂತಕ ಹಿಡಿದರು. ಮರುದಿನ ಬೆಳಿಗ್ಗೆ ಕಾಕಿಯ ಮುಂದೆ ತಾವೇ ಬೆರಳು ಚಾಚಿದರು. ಅಂದಿನಿಂದ ಹುಗ್ಗಿ ಮುಟ್ಟಲಿಲ್ಲ. ನರಗುಂದದಲ್ಲಿ ನಡೆದ ನನ್ನ ಮಗಳ ಮದುವೆಗೂ ಬರಲಿಲ್ಲ. "ನಾಲಗಿ ಮ್ಯಾಲ ನನಗ ಭರೋಸಾ ಇಲ್ಲೋ ತಮ್ಮಾ" ಎಂದಿದ್ದರು. ಅಲ್ಲಿ ಈರಣ್ಣ ಸೌಟು ಹಿಡಿದು ಕಾದ. ರುಚಿ ನೋಡಲು ಯಾರೂ ಮುಂದೆ ಬರಲಿಲ್ಲ.

ಮದುವೆ ಮುಗಿದ ಮೇಲೆ ನೋಡಲು ಹೋದೆ. ನಾನು ಅವರನ್ನು ಕಂಡದ್ದು ಅದೇ ಕೊನೆ. ಪಕ್ಕದಲ್ಲಿ ಊರುಗೋಲು ಇಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. ಗಾಯ ಮಾಯ್ದಿತ್ತು.

"ಹುಗ್ಗಿ ಹ್ಯಾಂಗಾಗಿತ್ತು?"

"ಯಾಲಕ್ಕಿ ಮರ್ತಿದ್ದರಿ. ಬೆಲ್ಲಾನೂ ಹೆಚ್ಚಾಗಿತ್ತು. ಅರ್ಧ ಮಂದಿ ಎಲ್ಯಾಗ ಬಿಟ್ರು."

ಕಾಕಾನ ಮುಖ ಅರಳಿತು. "ಅರ್ಧ ಮಂದಿ? ಖರೇ?"

ಕೋಲನ್ನು ಅಲ್ಲಿಯೇ ಬಿಟ್ಟು, ಎರಡೂ ಕಾಲೂರಿ ಎದ್ದು, ದಡದಡ ಒಳಗೆ ನಡೆದರು: "ಏ ಶಾಂತಾ, ಕೇಳಿದೇನ? ಹುಗ್ಗಿ ಕೆಟ್ಟಿತ್ತಂತ!"