ಗಿರಿಜಾಳ ಹೆಸರಿನ ವ್ಯಾಪಾರ

“ಅಣ್ಣಾ, ನಾನು ಮೆಣಸಿನ ವ್ಯಾಪಾರಿಯಂತೆ! ಅದ್ಕೇ ಬಿಪಿಎಲ್ ಕಾರ್ಡು ರದ್ದು, ವಿಧವಾ ಪೆನ್ಶನ್ನೂ ಇಲ್ವಂತೆ,” ಎನ್ನುತ್ತಾ ಗಿರಿಜಾ ತಾಲ್ಲೂಕು ಕಚೇರಿಯ ಕಾಗದವನ್ನು ನನ್ನ ಮುಂದಿಟ್ಟಳು. ವಿರಾಜಪೇಟೆಯ ನನ್ನ ಅಂಗಡಿಯಲ್ಲಿ ಒಂಬತ್ತು ವರ್ಷಗಳಿಂದ ಮೆಣಸು ಜರಡಿ ಹಿಡಿಯುತ್ತಿದ್ದವಳು. ಮುಂದಿನ ವಾರ ಮೈಸೂರಿನಲ್ಲಿ ಅವಳ ಎದೆಯ ಗಡ್ಡೆಗೆ ಆಪರೇಷನ್ ನಿಗದಿಯಾಗಿತ್ತು. ಆ ಕಾರ್ಡ್ ಇದ್ದರೆ ಮಾತ್ರ ಅದು ಉಚಿತ.

“ಏನ್ ಸಾವ್ಕಾರ್ತಿ, ನಮ್ಗೂ ಸಂಬಳ ಜಾಸ್ತಿ ಮಾಡು,” ಎಂದು ಮೂಟೆ ಹೊರುವ ಹಂಸ ನಕ್ಕ. ನನಗೆ ನಗು ಬರಲಿಲ್ಲ. ವಹಿವಾಟು ಮಿತಿಯೊಳಗೇ ಇರುವಂತೆ ಮಾಡಿ ಜಿಎಸ್‌ಟಿ ತಪ್ಪಿಸಲು ಅವಳ ಆಧಾರ್ ಪಡೆದು, ಅರ್ಧ ವ್ಯಾಪಾರವನ್ನು ಅವಳ ಹೆಸರಿನಲ್ಲಿ ತೋರಿಸಿದವನು ನಾನೇ. ಪೇಟೆಯ ನಾಲ್ಕಾರು ಜನರಿಗೆ ಈ ಉಪಾಯವನ್ನು ಹೇಳಿಕೊಟ್ಟಿದ್ದೆ ಕೂಡ.

ತಡವರಿಸುತ್ತಾ ನಿಜ ಹೇಳಿದೆ. ಬೈಯುತ್ತಾಳೆ ಅಂದುಕೊಂಡರೆ ಅವಳ ಮುಖ ಅರಳಿತು.

“ನೀವೇ ಬರ್ಸಿದ್ದಾ? ಸದ್ಯ! ಹಂಗಾದ್ರೆ ನೀವೇ ಅಳಿಸ್ಬಿಡಿ ಅಣ್ಣಾ.”

ಅಳಿಸಲು ಐದು ತಿಂಗಳು ಹಿಡಿಯಿತು, ಆಪರೇಷನ್ ಮುಂದಕ್ಕೆ ಹೋಯಿತು. ಆಪರೇಷನ್ ಖರ್ಚು ನಾನೇ ಕೊಡಬಹುದಿತ್ತು. ಕಾರ್ಡ್ ಇವತ್ತು ನಾಳೆ ಬರುತ್ತದೆ ಎಂದು ಲೆಕ್ಕ ಹಾಕುತ್ತಾ ಕೂತೆ. ಬರುವಷ್ಟರಲ್ಲಿ ಗಡ್ಡೆ ಶ್ವಾಸಕೋಶಕ್ಕೆ ಹಬ್ಬಿತ್ತು. ಗಿರಿಜಾ ಈಗಿಲ್ಲ. ಜನ ಕಟ್ಟುವ ತೆರಿಗೆಯಿಂದಲೇ ಆ ಆಸ್ಪತ್ರೆ, ಆ ಪೆನ್ಶನ್ ನಡೆಯುವುದು. ನಾನು ನನ್ನ ಪಾಲು ಕಟ್ಟಲಿಲ್ಲ, ಅವಳ ಪಾಲು ಅವಳಿಗೆ ಸಿಗದಂತೆಯೂ ಮಾಡಿದೆ. ನನ್ನಂಥ ವ್ಯಾಪಾರಸ್ಥರಿಗೆ ಒಂದೇ ಮಾತು: ಕೆಲಸದವರ ಆಧಾರ್ ಕಾರ್ಡ್ ಕೇಳಬೇಡಿ. ನಂಬಿ ಕೊಟ್ಟುಬಿಡುತ್ತಾರೆ.