ತಪಾಸಣೆಗೆ ಸಿಂಗಾರವಾದ ವಾರ್ಡು

ಮಾಜಿ ಸೈನಿಕರ ವಾರ್ಡಿನಲ್ಲಿ ದಾದಿಯಕ್ಕ ಹತ್ತೊಂಬತ್ತು ವರ್ಷ ಸವೆಸಿದ್ದಳು. ಮಳೆ ಬಂದರೆ ಯಾರ ಮೊಂಡುಗಾಲು ನೋಯುತ್ತದೆ, ಯಾರು ನಿದ್ದೆಗಣ್ಣಿನಲ್ಲಿ ಇಲ್ಲದ ಪಾದವನ್ನು ಕೆರೆದುಕೊಳ್ಳಲು ಕೈಚಾಚುತ್ತಾರೆ, ಎಲ್ಲವೂ ಅವಳಿಗೆ ಬಾಯಿಪಾಠ. ಯಾರಾದರೂ ಎರಡು ಸಲ ಕೆಮ್ಮಿದರೆ ಸಾಕು, ಅವಳ ಎದೆ ಡವಡವ. ಈಚೆಗಂತೂ ಎಲ್ಲರೂ ಕೆಮ್ಮುತ್ತಿದ್ದರು. ಸೂರು ಸೋರಿ ಸೋರಿ ಹಿಂದಿನ ಗೋಡೆ ಪೂರ್ತಿ ಬೂಷ್ಟು ಹಿಡಿದಿತ್ತು. ಮಂಚಗಳ ನಡುವೆ ಮೂರು ಬಕೆಟ್ಟು ಕಾಯಂ ಆಗಿ ಕೂತಿದ್ದವು.

ದುರಸ್ತಿಯ ಕಡತ ಎರಡು ವರ್ಷದಿಂದ ಅಲೆಯುತ್ತಿತ್ತು. ಆಸ್ಪತ್ರೆ ನಿಮ್ಮದು ಎಂದು ರಕ್ಷಣಾ ಇಲಾಖೆ, ಸೈನಿಕರು ನಿಮ್ಮವರು ಎಂದು ಆರೋಗ್ಯ ಇಲಾಖೆ. ಕೊನೆಗೂ ಸಂಸದರೊಬ್ಬರು ಕಣ್ಣಾರೆ ನೋಡಿ ಸಂಸತ್ತಿನ ಸಮಿತಿಗೆ ವರದಿ ಕೊಡುವುದೆಂದು ಗೊತ್ತಾಯಿತು. ಹಣ ಮಂಜೂರಾಗದಿದ್ದರೆ ವಾರ್ಡಿಗೆ ಬೀಗ. ಅಲ್ಲಿದ್ದ ಹನ್ನೊಂದು ಮಂದಿ ಹನ್ನೊಂದು ಊರಿನ ಆಸ್ಪತ್ರೆಗಳ ಪಾಲು. ಒಬ್ಬರ ಗೊರಕೆ ಕೇಳದೆ ಇನ್ನೊಬ್ಬರಿಗೆ ನಿದ್ದೆ ಹತ್ತದವರು!

"ನಾಳೆ ತಪಾಸಣೆ. ಇದ್ದದ್ದು ಇದ್ದ ಹಾಗೇ ಇರ್ಲಿ, ಏನೂ ಮುಟ್ಬೇಡಿ," ಎಂದು ಅವಳು ಹೇಳಿ ಹೋಗಿದ್ದಳು.

ಬೆಳಗ್ಗೆ ಬಂದು ನೋಡಿದರೆ ನೆಲ ಫಳಫಳ. ಬಕೆಟ್ಟುಗಳು ಮಾಯ. ಹಾಸಿಗೆಯ ಮೇಲೊಂದು ಸುಕ್ಕಿಲ್ಲ. ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಹನ್ನೊಂದು ಮಂದಿ, ಊರುಗೋಲಿನವರು, ಗಾಲಿಕುರ್ಚಿಯವರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಾಲಾಗಿದ್ದರು.

"ಏನ್ ತಾತಾ ಇದು!"

ಒಂದು ಕಾಲದಲ್ಲಿ ಪಡೆಗೆ ತುತ್ತೂರಿ ಊದುತ್ತಿದ್ದ ತುತ್ತೂರಿ ತಾತ ಎದೆ ಸೆಟೆಸಿದ. "ನೀನೇ ತಪಾಸಣೆ ಅಂದ್ಯಲ್ಲಮ್ಮ. ತಪಾಸಣೆಗೆ ಕೊಳಕು ತೋರ್ಸೋಕಾಗತ್ತಾ? ಮರ್ಯಾದೆ ಏನಾಗ್ಬೇಕು?"

"ಅಯ್ಯೋ, ನಿಮ್ಮ ಮರ್ಯಾದೆಗಿಷ್ಟು! ಸರ್ಕೊಳ್ಳಿ ಆ ಕಡೆ..."

ಅಷ್ಟರಲ್ಲಿ ಸಂಸದರು ಒಳಗೇ ಬಂದುಬಿಟ್ಟರು. ಅತ್ತಿತ್ತ ನೋಡಿದರು, ಮೆಚ್ಚಿ ತಲೆದೂಗಿದರು. "ಕನ್ನಡಿ ಹಾಗಿದೆಯಲ್ರೀ! ಇದಕ್ಕೆ ದುರಸ್ತಿ ಯಾಕೆ?" ಎಂದು ಬಾಗಿಲ ಕಡೆ ತಿರುಗಿದರು.

ದೊಡ್ಡವರ ಮುಂದೆ ದಾದಿಯಕ್ಕ ಗಟ್ಟಿಯಾಗಿ ಮಾತಾಡಿದವಳೇ ಅಲ್ಲ. ಎಲ್ಲಿಂದ ಬಂತೋ ಆ ದನಿ:

"ಸಾಲು! ಎರಡು ಹೆಜ್ಜೆ ಮುಂದೆ!"

ಯೋಚಿಸುವ ಮೊದಲೇ ಕಾಲುಗಳು ಕದಲಿದವು, ಮರದ್ದೂ ಸೇರಿ. ಗಾಲಿಗಳು ಉರುಳಿದವು.

"ಹಿಂದೆ ತಿರುಗಿ!"

ತಿರುಗಿದರು. ಬಿಳಿ ಅಂಗಿಗಳ ಬೆನ್ನಿನ ಮೇಲೆ ಹಸಿರುಗಪ್ಪು ಒದ್ದೆ ಕಲೆ. ಎದುರಿಗೆ ಗಾರೆ ಉದುರಿದ ಕಪ್ಪು ಗೋಡೆ. ಇಷ್ಟು ಹೊತ್ತು ಅದುಮಿಟ್ಟುಕೊಂಡಿದ್ದ ಕೆಮ್ಮು ಒಬ್ಬರಿಂದೊಬ್ಬರಿಗೆ ಹಬ್ಬಿತು.

ಸಂಸದರು ಗೋಡೆ ಮುಟ್ಟಿದರು. ಬೆರಳು ಒದ್ದೆಯಾಯಿತು. "ಮಂಜೂರು ಮಾಡೋದು ನಾನೊಬ್ನೇ ಅಲ್ಲಮ್ಮ. ಯಾವ ಇಲಾಖೆ ಅನ್ನೋದೇ ಇನ್ನೂ..."

"ಇವ್ರನ್ನ ಗಡಿಗೆ ಕಳಿಸಿದ್ದು ನಿಮ್ಮ ಸಂಸತ್ತೇ ಅಲ್ವಾ ಸ್ವಾಮಿ? ಆಗ ಯಾವ ಇಲಾಖೆ ಅಂತ ಇವ್ರು ಕೇಳಿದ್ರಾ?"

ಸಂಸದರು ಹತ್ತಿರದ ಮಂಚದ ತುದಿಯಲ್ಲಿ ಕೂತು, ವರದಿಯ ಹಾಳೆ ತರಿಸಿಕೊಂಡು, ಅಲ್ಲೇ ಬರೆಯತೊಡಗಿದರು. ನಡುನಡುವೆ ತಲೆಯೆತ್ತಿ, ಯಾರಿಗೆ ಎಷ್ಟು ದಿನದಿಂದ ಕೆಮ್ಮು ಎಂದು ಕೇಳಿದರು. ಹೊರಡುವಾಗ ಅಂದದ್ದು ಇಷ್ಟೇ: "ಆಗೇ ಆಗತ್ತೆ ಅಂತ ಹೇಳಲಾರೆ. ಇದನ್ನ ಸಮಿತೀಲಿ ನಾನೇ ಎದ್ದುನಿಂತು ಓದ್ತೀನಿ. ಇಲಾಖೆ ಯಾವುದು ಅಂತ ತೀರ್ಮಾನ ಆಗೋವರೆಗೂ ಕೂರಲ್ಲ."

ಅವರು ಹೋದ ಮೇಲೆ ತುತ್ತೂರಿ ತಾತ ಮುಖ ತಿರುಗಿಸಿ ಕೂತ. ದಾದಿಯಕ್ಕ ಬಿಸಿನೀರಿನ ಬಟ್ಟೆ ತಂದು, ಒದ್ದೆ ಅಂಗಿ ಬಿಚ್ಚಿ, ಬೆನ್ನು ಒರೆಸತೊಡಗಿದಳು.

"ತಪಾಸಣೇಲಿ ಫೇಲ್ ಮಾಡ್ಬಿಟ್ಯಲ್ಲಮ್ಮ, ಈ ವಯಸ್ನಲ್ಲಿ."

"ಹೂಂ, ಮಾಡ್ದೆ. ತೋಳೆತ್ತಿ."

ಮಗುವಿನಂತೆ ತೋಳೆತ್ತಿದ. ಒಣ ಅಂಗಿಯೊಳಗಿಂದ ತಲೆ ಹೊರಬಂದಾಗ ಮುನಿಸು ಅರ್ಧ ಇಳಿದಿತ್ತು.

"ಹೋಗ್ಲಿ ಬಿಡು," ಎಂದ, ಪಕ್ಕದ ಮಂಚಗಳತ್ತ ನೋಡಿ. "ಹನ್ನೊಂದು ಜನಾನೂ ಒಟ್ಟಿಗೇ ಫೇಲಾದ್ವಲ್ಲ."